ಒಂಟಿಕಾಲಿನಲ್ಲಿ ನಿಂತು ಆಡುತ್ತಿದ್ದವರು

ಅವರು ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಎಂಟು ತಿಂಗಳು ತಡವಾಗಿ, ಅದೂ ನಾನಾಗಿ ಕೇಳಿದ್ದರಿಂದ. ಇಚಲಕರಂಜಿಯಲ್ಲಿರುವ ಅಣ್ಣನಿಗೆ ಫೋನ್ ಮಾಡಿ, "ವಹಿಫಣಿ ಮಾಮಾ ಈಗ ಎಲ್ಲಿ ಇರ್ತಾರ?" ಎಂದು ಕೇಳಿದೆ.

"ಅವರು ಹೋಗಿ ಭಾಳ ದಿನಾ ಆತಲ್ಲೋ. ಶ್ರಾವಣದಾಗ ಹೋದ್ರು. ನಿನಗ ಯಾರೂ ಹೇಳಿಲ್ಲೇನ?"

ಯಾರೂ ಹೇಳಿರಲಿಲ್ಲ. ನನಗೆ ಹೇಳಬೇಕೆಂದು ಯಾರಿಗೂ ಅನ್ನಿಸದ ಹಾಗೆ ಮೂವತ್ತು ವರ್ಷ ನಾನೇ ನೋಡಿಕೊಂಡಿದ್ದೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ಹೆಸರು ಬರೆಯುವ ಕೆಲಸ ಒಮ್ಮೆ ನನ್ನ ಪಾಲಿಗೆ ಬಂದಿತ್ತು. ಆಗ ಬರೆಯಲಿಲ್ಲ. ಈಗ ಬರೆದರೆ ಅದು ಅವರಿಗೆ ಮುಟ್ಟುವುದೂ ಇಲ್ಲ.

ಇಚಲಕರಂಜಿಯಲ್ಲಿ ನಮ್ಮ ಮನೆಯ ಹಿಂದೆ ಅಪ್ಪನ ಎಂಟು ಮಗ್ಗಗಳ ಕಾರಖಾನೆ ಇತ್ತು. ಮಗ್ಗಕ್ಕೆ ಹಾಸುನೂಲು ಸುತ್ತಿದ ಹೊಸ ಉರುಳೆ, ಅಂದರೆ ಬೀಮು, ಏರಿಸಿದಾಗ ಅದರ ಸಾವಿರಾರು ಎಳೆಗಳನ್ನು ಒಂದೊಂದಾಗಿ ಆರಿಸಿ, ಬಾಚಣಿಗೆಯಂಥ ಫಣಿಯ ಹಲ್ಲುಗಳ ನಡುವಿನ ಸಂದಿಯೊಳಗೆ ಪೋಣಿಸಬೇಕು. ನಮ್ಮ ಕಡೆ ಅದನ್ನೇ ವಹಿಫಣಿ ಎನ್ನುತ್ತಾರೆ. ಆ ಕೆಲಸಕ್ಕೆ ಬರುತ್ತಿದ್ದವರು ಅವರು. ಹೆಂಡತಿ ಹಿಂದೆ ಕೂತು ಎಳೆ ಆರಿಸಿ ಕೊಡುವರು, ಇವರು ಮುಂದೆ ಕೂತು ಸಣ್ಣ ಕೊಕ್ಕೆಯಿಂದ ಸರಕ್ಕನೆ ಎಳೆದುಕೊಳ್ಳುವರು. ಇಬ್ಬರ ನಡುವೆ ಮಾತಿಲ್ಲ. ಇವರ ಕೊಕ್ಕೆ ಬಂದ ಕಡೆ ಹೆಂಡತಿಯ ಎಳೆ ಇರುತ್ತಿತ್ತು. ಒಂದು ಎಳೆ ತಪ್ಪಿ ಕೂತರೆ ಬಟ್ಟೆಯ ಉದ್ದಕ್ಕೂ ಗೆರೆ ಬೀಳುತ್ತದೆ. ಹಾಗೆ ತಪ್ಪಿದ್ದು ಗೊತ್ತಾದರೆ ಅವರು ಬೇಸರವಿಲ್ಲದೆ ಅಲ್ಲಿಯವರೆಗೂ ಬಿಚ್ಚಿ ಮತ್ತೆ ಶುರು ಮಾಡುತ್ತಿದ್ದರು. ಬೇರೆಯವರಾದರೆ ಸುಮ್ಮನೆ ಗಂಟು ಹಾಕಿ ಎದ್ದು ಹೋಗುತ್ತಿದ್ದರು.

ಅವರದು ನೇಸರಿ ಕಡೆಯ ಧನಗರ ಮನೆತನ. ತಂದೆ ಕುರಿ ಕಾಯ್ದವರು, ಇವರೂ ಹದಿನಾರು ವರ್ಷದವರೆಗೆ ಕುರಿ ಹಿಂದೆ ತಿರುಗಿದವರು. ಓದು ಬರಹ ಇರಲಿಲ್ಲ. ಮನೆಯಲ್ಲಿ ಕನ್ನಡ, ಬೀದಿಗೆ ಬಂದರೆ ಮರಾಠಿ. ನಾವು ಜೈನರು, ನಮ್ಮದೂ ಅದೇ ಕಥೆ. ಆದ್ದರಿಂದ ನಮ್ಮ ಕಾರಖಾನೆಗೆ ಬಂದಾಗ ಅವರ ಮಾತು ಸಡಿಲಾಗುತ್ತಿತ್ತು. ನನ್ನನ್ನು ಖುಷಿ ಬಂದಾಗ 'ತಮ್ಮಾ' ಎನ್ನುವರು, ಕಾಡಿಸಬೇಕೆನ್ನಿಸಿದಾಗ 'ಸಣ್ಣ ಸಾವ್ಕಾರ' ಎನ್ನುವರು.

ನಾನು ಎಂಟನೆಯ ಇಯತ್ತೆ, ಅಂದರೆ ತರಗತಿಯಲ್ಲಿದ್ದಾಗ ವಿಡಿಯೋ ಗೇಮಿನ ಹುಚ್ಚು ಹಿಡಿದಿತ್ತು. ಸೈಕಲ್ ರಿಪೇರಿ ಅಂಗಡಿಯ ಪಕ್ಕದ ಕತ್ತಲೆ ಕೋಣೆಯಲ್ಲಿ ಐದು ಮಶೀನುಗಳಿದ್ದವು. ನಾಲ್ಕರಲ್ಲಿ ಹೊಡೆದಾಟ, ಐದನೆಯದರಲ್ಲಿ ವಿಮಾನ. ನಮ್ಮ ವಿಮಾನ ಪರದೆಯ ಕೆಳಗೆ, ಶತ್ರುಗಳೆಲ್ಲ ಮೇಲಿನಿಂದ ಗುಂಡು ಸುರಿಸುತ್ತ ಇಳಿಯುವರು. ಬಟನ್ ಒತ್ತಿ ಹೊಡೆಯಬೇಕು, ಹ್ಯಾಂಡಲ್ ತಿರುಗಿಸಿ ತಪ್ಪಿಸಿಕೊಳ್ಳಬೇಕು. ಒಂದು ದಿನ ಅಪ್ಪ ನನ್ನನ್ನು ಕರೆತರಲು ಇವರನ್ನೇ ಕಳಿಸಿದರು.

"ಸಣ್ಣ ಸಾವ್ಕಾರ, ನಡಿ ಮನೀಗೆ. ಅಪ್ಪಾರು ಕರೀತಾರ."

"ಇದೊಂದು ಮುಗೀಲಿ ಮಾಮಾ."

ಮುಗಿಯಲು ಹೊತ್ತೇನೂ ಹಿಡಿಯಲಿಲ್ಲ. ಎರಡು ನಿಮಿಷಕ್ಕೆ ಸತ್ತೆ. ಕರೆಯಲು ಬಂದವರು ಹೋಗಲಿಲ್ಲ, ಪರದೆಯನ್ನೇ ನೋಡುತ್ತ ನಿಂತಿದ್ದರು.

"ನೀ ಯಾಕ ಸಾಯತಿ ಗೊತ್ತೈತೇನ? ನೀ ಗುಂಡ ನೋಡಾಕತ್ತಿ. ಗುಂಡ ನೋಡಬ್ಯಾಡ. ಎರಡ ಗುಂಡಿನ ನಡಬರಕ ಸಂದಿ ಇರತೈತಿ, ಅದನ್ನ ನೋಡು."

ನಾನು ನಕ್ಕೆ. ಅವರು ಕಿಸೆಯಿಂದ ಒಂದು ನಾಣ್ಯ ತೆಗೆದು, ಚಪ್ಪಲಿ ಬಿಟ್ಟು, ಮಶೀನಿನ ಮುಂದೆ ನಿಂತರು. ಮೊದಲ ದಿನವೇ ನನಗಿಂತ ಹೆಚ್ಚು ಹೊತ್ತು ಬದುಕಿದರು.

ಅಂದಿನಿಂದ ಭಾನುವಾರ ಬೆಳಿಗ್ಗೆ ಅವರು ತಪ್ಪದೆ ಬರತೊಡಗಿದರು. ಮೂವತ್ತೈದು ದಾಟಿದ ಮನುಷ್ಯ, ಪಾಯಜಾಮ, ತಲೆಗೆ ಬಿಳಿ ಟೋಪಿ, ಸುತ್ತಲೂ ನಮ್ಮಂಥ ಹುಡುಗರು. ಚಪ್ಪಲಿ ಹೊಸ್ತಿಲ ಹೊರಗೆ ಬಿಡುವರು. ಆಟ ಬಿಸಿಯೇರಿದಾಗ ಎಡಗಾಲನ್ನು ಎತ್ತಿ ಬಲ ಮೊಣಕಾಲಿಗೆ ಆನಿಸಿ ಒಂಟಿಕಾಲಿನಲ್ಲಿ ನಿಲ್ಲುವರು, ಹೊಲದಲ್ಲಿ ಕೋಲು ಊರಿ ನಿಂತ ಕುರುಬನ ಹಾಗೆ. ಅದನ್ನು ನೋಡಿ ಹುಡುಗರು "ಬಗಳಾ ಆಲಾ ರೇ!" ಎಂದು ಕೂಗುತ್ತಿದ್ದರು. ಕೊಕ್ಕರೆ ಬಂತು ಎಂದರ್ಥ. ಅವರು ತಿರುಗಿ ನೋಡುತ್ತಿರಲಿಲ್ಲ. ಸಣ್ಣ ವಿಮಾನಗಳಿಗೆಲ್ಲ ಅವರ ಬಾಯಲ್ಲಿ ತೋಳ ಎಂದೇ ಹೆಸರು. ಪ್ರತಿ ಹಂತದ ಕೊನೆಗೆ ಪರದೆ ತುಂಬ ಬರುವ ದೊಡ್ಡ ಯಂತ್ರಕ್ಕೆ ಗೌಡ.

"ತ್ವಾಳ ಬಂದ್ವು ನೋಡು. ಬರಲಿ, ಬರಲಿ. ಸುಮ್ನ ಹೊಡದ ಗುಂಡ ಕಳೀಬ್ಯಾಡ. ಈಗ ಗೌಡ ಬರತಾನ."

ನಮ್ಮ ಅಜ್ಜಿಗೆ ಈ ಆಟದ ಸುದ್ದಿ ಮುಟ್ಟಿದಾಗ ಮನೆಯಲ್ಲಿ ದೊಡ್ಡ ಪಂಚಾಯಿತಿ ನಡೆಯಿತು. ಕೊಲ್ಲುವ ಆಟ, ಪರದೆಯ ಮೇಲಾದರೂ ಮನಸ್ಸಿನಲ್ಲಿ ಕೊಂದ ಹಾಗೇ ಎಂದು ಅವಳ ವಾದ. ಅವರು ಬೀಮಿನ ಸಂದಿಯಿಂದಲೇ ಅಜ್ಜಿಗೆ ಸಮಾಧಾನ ಹೇಳಿದರು.

"ಆಯಿ, ಅದು ಬರೇ ಬೆಳಕ ಐತ್ರಿ. ಅದರಾಗ ಜೀವಾ ಇಲ್ರಿ."

"ಬೆಂಕ್ಯಾಗೂ ಜೀವಾ ಐತಿ ಅಂತ ನಮ್ಮಾಗ ಹೇಳ್ಯಾರ. ಬೆಳಕಿನ್ಯಾಗ ಇಲ್ಲ ಅಂತ ನಿನಗ ಯಾರ ಹೇಳಿದ್ರೋ?"

ಅವರು ಆ ದಿನವೆಲ್ಲ ಯೋಚಿಸಿದರು. ಮುಂದಿನ ಭಾನುವಾರ ಚಪ್ಪಲಿ ಬಿಟ್ಟು ಮಶೀನಿನ ಮುಂದೆ ನಿಂತು, ನಾಣ್ಯ ಹಾಕುವ ಮುಂಚೆ ನನ್ನನ್ನು ನಿಜವಾಗಿಯೇ ಕೇಳಿದರು: "ಆಯಿ ಹೇಳಿದ್ದು ಖರೇ ಇದ್ರ ಹ್ಯಾಂಗ ಮಾಡೋದು ತಮ್ಮಾ?" ನಾನು ಏನು ಹೇಳಿದೆನೋ ನೆನಪಿಲ್ಲ. ಅವರಂತೂ ಅವತ್ತು ಬಹಳ ಕಡಿಮೆ ಹೊಡೆದರು, ಬರೀ ತಪ್ಪಿಸಿಕೊಂಡೇ ಎರಡನೆಯ ಗೌಡನವರೆಗೆ ಹೋದರು.

ಇಷ್ಟು ಒಳ್ಳೆಯವರ ಮೇಲೆ ನನಗೆ ಹೊಟ್ಟೆಕಿಚ್ಚು ಹುಟ್ಟಿದ್ದು ಹೇಗೆ ಎಂದು ಕೇಳಿದರೆ ಉತ್ತರ ಸರಳ. ನಾನು ಅವರಿಗಿಂತ ಮೊದಲು ಶುರು ಮಾಡಿದವನು. ನನ್ನ ಕಿಸೆಯಲ್ಲಿ ನಾಣ್ಯ ಹೆಚ್ಚು. ಆದರೂ ಆಟ ಮುಗಿದಾಗ ಮಶೀನು ತೋರಿಸುವ ಹತ್ತು ಹೆಸರುಗಳ ಪಟ್ಟಿಯಲ್ಲಿ ನಾನು ಆರಕ್ಕೋ ಏಳಕ್ಕೋ ನಿಲ್ಲುತ್ತಿದ್ದೆ. ಅವರಿಗೆ ಪಟ್ಟಿಯ ಗೊಡವೆಯೇ ಇರಲಿಲ್ಲ. ಹೆಸರು ಹಾಕಲು ಮಶೀನು ಕೇಳಿದರೆ ಹ್ಯಾಂಡಲ್ ಬಿಟ್ಟು ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡುತ್ತಿದ್ದರು.

ಆ ಗೊಡವೆ ಹುಟ್ಟಿದ್ದು ಮಗಳಿಂದ. ಮರುವರ್ಷ ಆಕೆ ಐದನೆಯ ಇಯತ್ತೆಗೆ ಬಂದಿದ್ದಳು, ನಾನು ಒಂಬತ್ತಕ್ಕೆ. ಆಗೆಲ್ಲ ಮರಾಠಿ ಶಾಲೆಯಲ್ಲಿ ಇಂಗ್ಲಿಷ್ ಶುರುವಾಗುತ್ತಿದ್ದದ್ದೇ ಐದನೆಯದರಲ್ಲಿ. ಅಕ್ಷರ ಕಲಿತ ಸಂಭ್ರಮಕ್ಕೆ ಅವಳು ಮನೆಯ ಬಾಗಿಲ ಮೇಲೆ, ನೀರಿನ ಹಂಡೆಯ ಮೇಲೆ, ಅಪ್ಪನ ಸೈಕಲ್ಲಿನ ಮೇಲೆ ಸುಣ್ಣದ ಕಡ್ಡಿಯಿಂದ ಅಪ್ಪನ ಹೆಸರನ್ನೇ ಬರೆಯುತ್ತಿದ್ದಳಂತೆ. ಆ ಮನೆತನದಲ್ಲಿ ಇಂಗ್ಲಿಷ್ ಅಕ್ಷರ ಓದಿದವಳು ಅವಳೇ ಮೊದಲು. ಅವರು ಕೊಕ್ಕೆ ಹಿಡಿದುಕೊಂಡೇ ಅದನ್ನು ನಮ್ಮ ಅಪ್ಪನಿಗೆ ಹೇಳುವರು, ಅಜ್ಜಿಗೆ ಹೇಳುವರು, ಕಾರಖಾನೆಗೆ ಬಂದ ನೂಲಿನ ವ್ಯಾಪಾರಿಗೂ ಹೇಳುವರು.

ಆ ದಿನಗಳ ಒಂದು ಭಾನುವಾರ ಅವರು ಕೊನೆಯ ಗೌಡನನ್ನೂ ದಾಟಿದರು. ಅಂಗಡಿಯಲ್ಲಿ ಅದುವರೆಗೆ ಯಾರೂ ಕಂಡಿರದ ಕೊನೆ ಅದು. ಪರದೆಯ ಮೇಲೆ ಅವರ ಅಂಕ ಎಲ್ಲಕ್ಕಿಂತ ಮೇಲೆ ಹತ್ತಿ ಕೂತಿತು. ಹೆಸರಿಗೆ ಮೂರು ಅಕ್ಷರ ಹಾಕಿ ಎಂದು ಮಶೀನು ಕೇಳಿತು. ಪಕ್ಕದಲ್ಲಿ ಸೆಕೆಂಡುಗಳು ಇಳಿಯತೊಡಗಿದವು.

ಅವರು ನನ್ನ ಭುಜ ಹಿಡಿದು ಮುಂದೆ ಎಳೆದರು. "ತಮ್ಮಾ, ನನ್ನ ಹೆಸರ ಹಾಕೋ. ಲಗೂನ ಹಾಕು. ಮಗಳಿಗೆ ತೋರಸತೇನಿ."

ನಾನು ಹ್ಯಾಂಡಲ್ ತಿರುಗಿಸಿದೆ. ಎಸ್. ಬಟನ್ ಒತ್ತಿದೆ. ಬಿ. ಒತ್ತಿದೆ. ಪಿ. ಒತ್ತಿದೆ. ನನ್ನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು, ಮೂರರ ಮೊದಲ ಅಕ್ಷರಗಳು.

ಮೊದಲೇ ಯೋಚಿಸಿ ಮಾಡಿದ್ದಲ್ಲ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಮೊದಲ ಅಕ್ಷರ ಕೈತಪ್ಪಿ ಬಂತೆಂದರೂ ಇನ್ನೆರಡು ಬಾಕಿ ಇದ್ದವು. ಅವರಿಗೆ ಓದಲು ಬರುವುದಿಲ್ಲ, ಸಂಜೆ ಅಂಗಡಿಯವನು ಕರೆಂಟ್ ತೆಗೆದರೆ ಎಲ್ಲ ಅಳಿಸಿಹೋಗುತ್ತದೆ, ಯಾರಿಗೇನು ನಷ್ಟ ಎಂಬಷ್ಟು ಯೋಚನೆ ಆ ಹತ್ತು ಸೆಕೆಂಡಿನಲ್ಲಿ ನನ್ನ ತಲೆಯಲ್ಲಿ ಸರಿಯಾಗಿಯೇ ನಡೆದಿತ್ತು.

"ಹಾಕಿದೇನು?"

"ಹಾಕಿದೆ ಮಾಮಾ."

ಅವರು ಅಂಗಡಿಯವನ ಕಡೆ ತಿರುಗಿ, "ಶೇಟ್, ಮಶೀನ್ ಬಂದ್ ಕರೂ ನಕಾ ಹಾಂ! ಮುಲಗೀಲಾ ಘೇವೂನ ಯೇತೋ" ಎಂದು, ಮಶೀನು ನಿಲ್ಲಿಸದಂತೆ ಮರಾಠಿಯಲ್ಲಿ ಕೂಗಿ ಹೇಳಿ, ಮಗಳನ್ನು ಕರೆತರಲು ಸೈಕಲ್ ಹತ್ತಿದರು. ಚಪ್ಪಲಿ ಅಲ್ಲೇ ಬಿಟ್ಟು ಹೋಗಿದ್ದರು.

ಆ ಅರ್ಧ ಗಂಟೆ ನಾನು ಆ ಚಪ್ಪಲಿಗಳನ್ನು ನೋಡುತ್ತ ನಿಂತೆ. ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುವ ಊರು. ಒಂದು ಸಲ, ಒಂದೇ ಕ್ಷಣ ಹೋಗಲಿ ಎಂದು ಭಗವಂತನನ್ನು ಬೇಡಿಕೊಂಡೆ. ಹೋಗಲಿಲ್ಲ. ಓಡಿಹೋಗಬಹುದಿತ್ತು. ಓಡಿದರೆ ಗೊತ್ತಾಗುತ್ತದೆ ಎಂದು ಓಡಲಿಲ್ಲ.

ಅವರು ಬಂದರು. ಮಗಳಿಗೆ ಎಣ್ಣೆ ಹಚ್ಚಿ ಎರಡು ಜಡೆ ಹಾಕಿಸಿ, ಹಬ್ಬದ ಫ್ರಾಕು ಹಾಕಿಸಿಕೊಂಡು ಬಂದಿದ್ದರು. ಪಟ್ಟಿ ಯಾವಾಗಲೂ ಕಾಣುವುದಿಲ್ಲ. ಮಶೀನು ಸ್ವಲ್ಪ ಹೊತ್ತು ತಾನೇ ಆಡಿ ತೋರಿಸಿ ಆಮೇಲೆ ಹೆಸರು ತೋರಿಸುತ್ತದೆ. ಎಲ್ಲರೂ ಕಾದೆವು.

"ಬಂತು, ಬಂತು. ಎಲ್ಲಕ್ಕಿಂತ ಮ್ಯಾಲ ಇರೋದು ನಂದು. ಓದು ತಾಯಿ, ಗಟ್ಟಿಯಾಗಿ ಓದು."

ಹುಡುಗಿ ಬೆರಳಿಟ್ಟು ಓದಿದಳು. "ಎಸ್... ಬಿ... ಪಿ." ನಂತರ ಅಪ್ಪನ ಮುಖ ನೋಡಿ, "ಅಪ್ಪಾ, ಇದು ನಿನ್ನ ಹೆಸರ ಅಲ್ಲ. ನಿನ್ನ ಹೆಸರಿನ್ಯಾಗ ಎಸ್ ಇಲ್ಲ" ಎಂದಳು.

"ಸರಿ ನೋಡು."

ಅಷ್ಟರಲ್ಲಿ ಪಟ್ಟಿ ಹೋಗಿತ್ತು. ಮತ್ತೆ ಕಾದೆವು. ಮತ್ತೆ ಬಂತು. ಅವಳು ಮತ್ತೆ ಅದೇ ಮೂರು ಅಕ್ಷರ ಓದಿದಳು. ಅಲ್ಲಿದ್ದ ಹುಡುಗರಿಗೆಲ್ಲ ಅವು ಯಾರವೆಂದು ಗೊತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ, ನಕ್ಕರು.

ಅವರು ನನ್ನ ಕಡೆ ತಿರುಗಿದರು. "ತಮ್ಮಾ, ನೀ ಓದು."

ನಾನು ಪರದೆಯನ್ನು ನೋಡಿ ಅವರ ಹೆಸರನ್ನು ಓದಿದೆ. ಅಲ್ಲಿ ಇಲ್ಲದ ಹೆಸರನ್ನು ಪೂರ್ತಿಯಾಗಿ, ಸ್ಪಷ್ಟವಾಗಿ ಓದಿದೆ.

ಅವರು ನನ್ನ ಮುಖವನ್ನು ನೋಡಿದರು. ಓದು ಬಾರದವರು ನೋಡುವ ರೀತಿ ಬೇರೆ. ಅವರಿಗೆ ಅಕ್ಷರ ಬೇಕಾಗುವುದಿಲ್ಲ. ನನ್ನ ಕಿವಿ ಸುಡುತ್ತಿತ್ತು. ಎಷ್ಟು ಹೊತ್ತು ನೋಡಿದರೋ. ಆಮೇಲೆ ಮಗಳ ಕಡೆ ತಿರುಗಿ, ನಾನು ಎಂದೂ ಕೇಳಿರದ ಒರಟು ದನಿಯಲ್ಲಿ ಹೇಳಿದರು:

"ಕೇಳಿದೇನು? ಸಾವ್ಕಾರರ ಮಗಾ ಒಂಬತ್ತನೆತ್ತಾ ಕಲಿಯಾಕತ್ತಾನ. ಅವಾ ತಪ್ಪ ಓದತಾನೇನು? ನಿನಗ ಇನ್ನೂ ಓದಾಕ ಬರಂಗಿಲ್ಲ."

"ಬರತೈತಿ," ಎಂದಳು ಹುಡುಗಿ, ಮೆಲ್ಲಗೆ.

"ಬರಂಗಿಲ್ಲ ಅಂದೆ."

ಹುಡುಗರು ಜೋರಾಗಿ ನಕ್ಕರು. ಅವರು ಚಪ್ಪಲಿ ಮೆಟ್ಟಿಕೊಂಡು, ಮಗಳ ಕೈ ಹಿಡಿದು ಹೊರಟರು. ಮತ್ತೆ ಆ ಅಂಗಡಿಗೆ ಬರಲಿಲ್ಲ.

ಕಾರಖಾನೆಗೆ ಬರುವುದನ್ನು ಬಿಡಲಿಲ್ಲ. ಹೊಸ ಬೀಮು ಏರಿದಾಗ ಗಂಡ ಹೆಂಡತಿ ಮೊದಲಿನಂತೆಯೇ ಬಂದರು. ನಾನು ನೀರು ತೆಗೆದುಕೊಂಡು ಹೋದೆ. ಅವರು ಕೊಕ್ಕೆ ಬಿಡದೆ, "ಇಡ್ರಿ ಅಲ್ಲೇ" ಎಂದರು. ಹದಿನಾಲ್ಕು ವರ್ಷದ ಹುಡುಗನಿಗೆ. ಅಂದಿನಿಂದ ತಮ್ಮಾ ಹೋಯಿತು, ಸಣ್ಣ ಸಾವ್ಕಾರ ಹೋಯಿತು. ಬರ್ರಿ, ಹೋಗ್ರಿ, ಆತ್ರಿ. ಒಂದು ಕೆಟ್ಟ ಮಾತಿಲ್ಲ, ಒಂದು ಸಿಟ್ಟಿನ ನೋಟವಿಲ್ಲ. ಅಪ್ಪ ಅದನ್ನು ಗಮನಿಸಿ, "ಏನಲೇ, ನಿನಗ ರೀ ಹಚ್ಚತಾರ, ದೊಡ್ಡ ಮನಶ್ಯಾ ಆದಿ" ಎಂದು ನಕ್ಕರು. ನನಗೆ ಆ 'ರೀ' ಬೆತ್ತದ ಪೆಟ್ಟಿಗಿಂತ ಜೋರಾಗಿ ಬೀಳುತ್ತಿತ್ತು. ಅವರು ಬರುವ ದಿನ ನಾನು ಮನೆಯಲ್ಲಿ ಇರದಂತೆ ನೋಡಿಕೊಳ್ಳತೊಡಗಿದೆ.

ಮುಂದೆ ಕೊಲ್ಲಾಪುರದಲ್ಲಿ ಔಷಧದ ವಿದ್ಯೆ ಕಲಿತು ಗಡಹಿಂಗ್ಲಜದಲ್ಲಿ ಮೆಡಿಕಲ್ ಅಂಗಡಿ ಹಾಕಿದೆ. ಅಲ್ಲಿಗೆ ಒಂದೇ ಒಂದು ಸಲ ಅವರು ಬಂದಿದ್ದರು. ನೇಸರಿಗೆ ಹೋಗುವ ಬಸ್ಸು ತಡವಿತ್ತೇನೋ, ಕಣ್ಣಿನ ಡಾಕ್ಟರ ಚೀಟಿ ಹಿಡಿದು ಬಂದರು. ತಲೆ ಪೂರ್ತಿ ಬೆಳ್ಳಗಾಗಿತ್ತು.

"ಅಪ್ಪಾರು ಆರಾಮ ಅದಾರೇನ್ರಿ?" ಎಂದು ಕೇಳಿದರು. ಗುರುತು ಹಿಡಿದಿದ್ದರು.

ನಾನು ಕಣ್ಣಿನ ಹನಿಯ ಬಾಟಲಿ ಕೊಟ್ಟು, ದಿನಕ್ಕೆ ಮೂರು ಸಲ, ಎರಡೂ ಕಣ್ಣಿಗೆ ಎಂದು ಹೇಳಿ, ಪೊಟ್ಟಣದ ಮೇಲೆ ಬರೆದೂ ಕೊಟ್ಟೆ. ಅವರು ಕೈಮುಗಿದು ಮೆಟ್ಟಿಲಿಳಿದರು. ಮೆಟ್ಟಿಲ ಕೆಳಗೆ ಯಾರೋ ಅಪರಿಚಿತ ನಿಂತಿದ್ದ. ಪೊಟ್ಟಣವನ್ನು ಅವನ ಮುಂದೆ ಹಿಡಿದು, "ಇದನ್ನ ಜರಾ ಓದಿ ಹೇಳ್ರಿ" ಎಂದರು. ನನಗೆ ಕೇಳಲಿ ಎಂದು ಅಂದದ್ದಲ್ಲ. ಆದರೆ ಕೇಳಿಸಿತು.

ಈ ವರ್ಷ ಹೆಂಡತಿಯ ಜೊತೆ ಕೊಲ್ಲಾಪುರಕ್ಕೆ ಹೋಗಿದ್ದೆ. ಅವಳು ಸೀರೆ ನೋಡುತ್ತಿದ್ದಳು, ನಾನು ಮಾಲ್‌ನಲ್ಲಿ ಸುತ್ತುತ್ತಿದ್ದೆ. ಮೇಲಿನ ಮಹಡಿಯ ಮಕ್ಕಳ ಆಟದ ಜಾಗದಲ್ಲಿ ಒಂದು ಮೂಲೆ, ಹಳೆಯ ಕಾಲದ ಮಶೀನುಗಳೆಂದು ಅಲಂಕಾರ ಮಾಡಿ ಇಟ್ಟಿದ್ದಾರೆ. ಅದೇ ವಿಮಾನ. ಅದೇ ಟಿರ್ರ್ ಟಿರ್ರ್ ಸದ್ದು. ನನ್ನದೇ ವಯಸ್ಸಿನ ಇಬ್ಬರು ಅಲ್ಲಿ ಮೈಮರೆತು ನಗುತ್ತ ಆಡುತ್ತಿದ್ದರು. ನಾನೂ ಕಾರ್ಡು ಉಜ್ಜಿ ನಿಂತೆ. ಬೆರಳಿಗೆ ಮರೆತಿರಲಿಲ್ಲ. ಗುಂಡುಗಳ ನಡುವೆ ಸಂದಿ ಕಾಣತೊಡಗಿತು, ಒಂದರ ಹಿಂದೆ ಒಂದು. ಹುಡುಗನಾಗಿದ್ದಾಗಲೂ ಅಷ್ಟು ಚೆನ್ನಾಗಿ ನಾನು ಯಾವತ್ತೂ ಆಡಿರಲಿಲ್ಲ. ನನ್ನ ಕೈಯಲ್ಲಿದ್ದ ಆ ಆಟವೆಲ್ಲ ಅವರು ಕೊಟ್ಟದ್ದು. ಸತ್ತಾಗ ಮಶೀನು ಹೆಸರು ಕೇಳಿತು. ನಾನು ಹ್ಯಾಂಡಲ್ ಮುಟ್ಟದೆ ಹೊರಗೆ ಬಂದೆ. ಹೆಂಡತಿ, "ಯಾಕ್ರಿ, ಮಾರಿ ಹಂಗ್ಯಾಕ ಆಗೈತಿ?" ಎಂದಳು. ಏನಿಲ್ಲ ಎಂದೆ. ಮರುದಿನ ಬೆಳಿಗ್ಗೆ ಅಣ್ಣನಿಗೆ ಫೋನ್ ಮಾಡಿದೆ.

ಅವರಿಲ್ಲ ಎಂದಾದ ಮೇಲೆ ಉಳಿದದ್ದು ಮಗಳು. ಹುಪರಿಗೆ ಕೊಟ್ಟಿದ್ದಾರೆ ಎಂದು ಅಣ್ಣ ಹೇಳಿದ. ಒಂದು ಭಾನುವಾರ ಹೋದೆ. ಹುಪರಿಯಲ್ಲಿ ಮನೆ ಮನೆಯಲ್ಲೂ ಬೆಳ್ಳಿಯ ಕೆಲಸ. ಆಕೆಯೂ ಪಡಸಾಲೆಯಲ್ಲಿ ಕೂತು ಕಾಲ್ಗೆಜ್ಜೆಯ ಸಣ್ಣ ಕೊಂಡಿಗಳನ್ನು ಒಂದಕ್ಕೊಂದು ಜೋಡಿಸುತ್ತಿದ್ದಳು. ಯಾರೆಂದು ಹೇಳಿದೆ.

"ಗೊತ್ತಾತ್ರಿ. ಕಾರಖಾನಿ ಸಾವ್ಕಾರರ ಮಗಾ. ಬರ್ರಿ, ಕುಂದರ್ರಿ."

ಚಹಾ ಮಾಡಿ ತಂದು ಮತ್ತೆ ಕೆಲಸಕ್ಕೆ ಕೂತಳು. ನಾನು ಹೇಳಿದೆ. ಅಂಗಡಿ, ಮಶೀನು, ಮೂರು ಅಕ್ಷರ, ನಾನು ಓದಿದ್ದು. ಏನನ್ನೂ ಬಿಡಲಿಲ್ಲ. ಅರ್ಧಕ್ಕೆ ಬರುವಷ್ಟರಲ್ಲಿ ಆಕೆಯ ಕೈ ನಿಂತಿತ್ತು.

"ಎಸ್, ಬಿ, ಪಿ," ಎಂದಳು ಆಕೆ. "ಹಂಗಾದ್ರ ನಾ ಸರಿ ಓದಿದ್ನೇನ್ರಿ?"

"ಸರಿಯಾಗೇ ಓದಿದ್ರಿ. ಎರಡೂ ಸಲ."

ಆಕೆ ಕೈಯಲ್ಲಿದ್ದ ಕೊಂಡಿಯನ್ನು ತಾಟಿಗೆ ಹಾಕಿದಳು.

"ಅವತ್ತಿನಿಂದ ಸಾಲ್ಯಾಗ ಕಲಸೋ ಬಾಯಾರು ಎದ್ದು ಓದು ಅಂದ್ರ ನಾ ಬಾಜೂಕಿನ ಹುಡುಗಿ ಬಾಯಿ ನೋಡತಿದ್ದೆ. ಅಕಿ ಮೆಲ್ಲಕ ಅಂದದ್ದನ್ನ ನಾ ಗಟ್ಟಿ ಅಂತಿದ್ದೆ. ನನಗ ಕಾಣೋದೊಂದು, ಅಲ್ಲಿರೋದೊಂದು ಅಂತ ತಿಳದಿದ್ದೆ. ಈಗೂ ಬ್ಯಾಂಕಿನ ಫಾರ್ಮ್ ತುಂಬಿದ್ರ ಮಗಳ ಕೈಯಾಗ ಕೊಟ್ಟು ಮತ್ತೊಮ್ಮಿ ನೋಡಸತೇನಿ. ಅಕಿ ನಗತಾಳ."

ನಾನು ತಲೆ ತಗ್ಗಿಸಿದೆ. ಈ ತಪ್ಪು ನನ್ನ ಮತ್ತು ಅವರ ನಡುವಿನದು ಎಂದೇ ತಿಳಿದಿದ್ದೆ. ಎರಡು ಜಡೆಯ ಆ ಹುಡುಗಿ ಆ ದಿನದ ನಂತರ ಏನಾದಳು ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

"ಅಪ್ಪಗ ಗೊತ್ತಿತ್ತೇನ್ರಿ?"

ಈ ಪ್ರಶ್ನೆ ಬರುತ್ತದೆಂದು ನಾನು ಅಂದುಕೊಂಡಿರಲಿಲ್ಲ. ಇಲ್ಲ ಎಂದರೆ ಆಕೆಯ ಮನಸ್ಸಿನಲ್ಲಿ ಅಪ್ಪ ಮೊದಲಿನ ಹಾಗೇ ಉಳಿಯುತ್ತಿದ್ದರು. ಆದರೆ ಇನ್ನೊಂದು ಸುಳ್ಳು ಹೇಳುವ ಧೈರ್ಯ ನನ್ನಲ್ಲಿ ಇರಲಿಲ್ಲ.

"ಗೊತ್ತಿತ್ತು. ನನ್ನ ಮಾರಿ ನೋಡೇ ಅವರಿಗೆ ತಿಳೀತು. ಎಲ್ಲಾರ ಮುಂದ ನನ್ನ ಮಾನಾ ಹೋಗಬಾರದು ಅಂತ ಹಂಗ ಅಂದ್ರು. ಅವರದು ಭಾಳ ದೊಡ್ಡ ಮನಸ್ಸು."

"ದೊಡ್ಡ ಮನಸ್ಸೇನ್ರಿ?" ಆಕೆ ಮೊದಲ ಸಲ ನನ್ನ ಕಣ್ಣಿನಲ್ಲಿ ಕಣ್ಣಿಟ್ಟು ನೋಡಿದಳು. "ಅಪ್ಪಂದೂ ಅವ್ವಂದೂ ಇಬ್ಬರ ಕೆಲಸಾನೂ ನಿಮ್ಮ ಮನ್ಯಾಗ ಇತ್ತಲ್ರಿ. ನಿಮ್ಮನ್ನ ಕಳ್ಳ ಅಂದಿದ್ರ ಮರದಿವಸ ಎಲ್ಲಿಗೆ ಹೋಗಬೇಕಿತ್ತು? ಹೆದರಿದ್ರು, ಅಷ್ಟ. ನಿಮ್ಮನ್ನ ಖರೇ ಮಾಡಾಕ ನನ್ನ ಸುಳ್ಳ ಮಾಡಿದ್ರು."

ಮೂವತ್ತು ವರ್ಷ ನಾನು ಆ ನೋಟವನ್ನು ಪ್ರೀತಿ ಎಂದು ನಂಬಿಕೊಂಡು ಬದುಕಿದ್ದೆ. ನನ್ನನ್ನು ಕಾಪಾಡಿದರು ಎಂಬುದೇ ನನ್ನ ತಪ್ಪಿನೊಳಗಿನ ಒಂದೇ ಒಂದು ಸಿಹಿ ಆಗಿತ್ತು. ಅವರು ಕಂಡದ್ದು ನನ್ನ ಮುಖವೋ, ನನ್ನ ಹಿಂದೆ ನಿಂತ ಎಂಟು ಮಗ್ಗಗಳೋ, ಈಗ ಯಾರನ್ನು ಕೇಳಲಿ?

ಕೂಡ್ರಲು ಆಗಲಿಲ್ಲ. ಎದ್ದೆ. "ನಾ ಬರಬಾರದಿತ್ತು. ನಿಮಗ ಅಪ್ಪನ ಮ್ಯಾಲ ಇದ್ದದ್ದನ್ನೂ ಹಾಳ ಮಾಡಿದೆ. ಬರತೇನ್ರಿ."

"ಎಲ್ಲಿಗೆ ಹೊಂಟ್ರಿ?" ಎಂದಳು ಆಕೆ. "ಹೇಳಿ ಹಗರ ಆಗಿ ಹೋಗವ್ರೇನು? ನನಗ ಈಗ ಸಿಟ್ಟ ಬಂದೈತಿ. ಅಪ್ಪನ ಮ್ಯಾಲ ಭಾಳ ಸಿಟ್ಟ ಬಂದೈತಿ. ಬೈಬೇಕಂದ್ರ ಅಪ್ಪ ಇಲ್ಲ. ನೀವ ಅದೀರಿ. ಕುಂದರ್ರಿ."

ನಾನು ಕೂತೆ. ಆಕೆ ಬೆಳ್ಳಿಯ ಕೊಂಡಿಗಳ ತಾಟನ್ನು ಒಂದು ಕಡೆ ಸರಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ಬೈಯಲು ಶುರು ಮಾಡಿದಳು.